ಗೇರಿನ ದೀಪ ಮಿಣುಕಿದ್ದು ಎಷ್ಟು ಸಲ?

ಆಗ ನನಗ ಅರವತ್ತೊಂದು. ಅದಾಗಿ ಈಗ ಒಂಬತ್ತು ವರ್ಷ ಆತು. ಆ ವಯಸ್ಸಿಗೆ ನನಗ ಗೊತ್ತಿಲ್ಲದ್ದು ಅಂತ ಭೂಮಿ ಮ್ಯಾಲ ಏನೂ ಉಳದಿರಲಿಲ್ಲ. ಕೂಸು ಯಾಕ ಅಳತೈತಿ ಗೊತ್ತು, ಎಮ್ಮಿ ಯಾಕ ಒದಿತೈತಿ ಗೊತ್ತು, ಆವಿಗ್ಯಾಗ ಸುಡಾಕ ಇಟ್ಟ ಗಡಿಗಿ ಸೀಳತಾವೋ ಉಳೀತಾವೋ ಅಂತ ಬರೇ ಹೊಗಿ ನೋಡಿ ಹೇಳತಿದ್ದೆ. ಹಿಂಗಾಗಿ ನಮ್ಮ ಗಾಡಿಯ ಗೇರು ಕೆಟ್ಟಾಗ ಅದೂ ನನಗ ಗೊತ್ತು ಅಂತ ತಿಳಕೊಂಡೆ.

ನಾವು ಖಾನಾಪುರದವರು. ಮೈದುನ ಗಡಿಗಿ ಮಾಡಾಂವ, ನಾ ಮಾರಾಕಿ. ನಮ್ಮ ಮನಿಯವರು ಲಾರಿ ಡ್ರೈವರ್. ಅವರ ಹೆಸರು ನಾ ಇವತ್ತಿಗೂ ಬಾಯಿ ಬಿಟ್ಟು ಹೇಳಿಲ್ಲ, ಇಲ್ಲೂ ಬರಿಯೂದಿಲ್ಲ. ಲೋಂಡಾದ ಕಾಡಿನ ಹಾದ್ಯಾಗ ಮೂವತ್ತು ವರ್ಷ ಲಾರಿ ಹೊಡದ ಮನಷ್ಯಾ ಒಂದು ದಿನ ನಿಂತ ಲಾರಿಯಿಂದ ಇಳಿಯೂವಾಗ ಬಿದ್ದು ಎಡಗಾಲಿನ ಮೊಣಕಾಲು ಮುರಕೊಂಡ್ರು. ಓಡೂ ಲಾರಿಯಿಂದ ಬಿದ್ದಿದ್ರ ಊರಾಗ ಒಂದೀಟು ಮರ್ಯಾದಿನರ ಸಿಗತಿತ್ತು. ಎಲುಬು ಕೂಡಿತು, ಆದ್ರ ಕಾಲು ಮಡಚಲಿಲ್ಲ. ಮಡಚದ ಕಾಲಿಲೆ ಕ್ಲಚ್ ಒತ್ತಾಕ ಬರೂದಿಲ್ಲ. ಎರಡು ವರ್ಷ ಪಡಸಾಲ್ಯಾಗ ಹೊರಸಿನ ಮ್ಯಾಲ ಕುಂತರು. ಮಾತಿಲ್ಲ, ಕತಿಯಿಲ್ಲ. ರಸ್ತಾದಾಗ ಲಾರಿ ಹೋದ್ರ ಸಪ್ಪಳಾ ಕೇಳಿ, ಈಗ ಎರಡನೇ ಗೇರಿಗೆ ಬಂದ, ಈಗ ಮೂರಕ್ಕ ಹಾಕಿದ ಅಂತ ತಮ್ಮಷ್ಟಕ್ಕ ತಾವ ಅನ್ನತಿದ್ರು. ಅದನ್ನ ಕೇಳೂದಕ್ಕಿಂತ ಅವರು ನನ್ನ ಬೈದಿದ್ರ ಚಲೋ ಇತ್ತು.

ಅಂಥಾದ್ರಾಗ ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯವರು ತಮ್ಮ ಹಳೇ ಪಿಕಪ್ ಮಾರತಾರ ಅಂತ ಸುದ್ದಿ ಬಂತು. ಹೊರದೇಶದ ಗಾಡಿ. ಕ್ಲಚ್ ಅನ್ನೂದ ಇಲ್ಲ, ಗೇರು ತಾನ ಬೀಳತೈತಿ, ಬಲಗಾಲು ಒಂದಿದ್ರ ಸಾಕು. ರಿಪೇರಿ ಮಾಡಾವರು ಸಿಗೂದಿಲ್ಲ ಅಂತ ಯಾರಿಗೂ ಬ್ಯಾಡಾಗಿತ್ತು, ನಮಗ ಬೇಕಾತು. ತಂದ ದಿನ ಅವರು ಖಾನಾಪುರದ ಪ್ಯಾಟ್ಯಾಗ ಮೂರು ಸುತ್ತು ಹೊಡದ್ರು. ಎಡಗಾಲು ಬಾಜೂಕ ಚಾಚಿ ಇಟ್ಟಿದ್ರು, ಅತ್ತಿ ಮನಿಗೆ ಬಂದ ಅಳಿಯನಂಗ, ಕೆಲಸಿಲ್ಲ ಬೊಗಸಿಲ್ಲ.

ಆಮ್ಯಾಲಿನ ಆರು ವರ್ಷ ನಮ್ಮ ಸಂಸಾರದಾಗ ಚಲೋ ವರ್ಷ. ಹೊತ್ತು ಮೂಡೂಕಿಂತ ಮೊದಲ ಹಿಂದ ಭತ್ತದ ಹುಲ್ಲು ಹಾಸಿ, ಗಡಿಗಿ ಹೇರಿ, ಮ್ಯಾಲ ಮತ್ತ ಹುಲ್ಲು ತುರುಕಿ ಟಿಳಕವಾಡಿಗೆ ಹೊಂಡೂದು. ಹಾದಿ ತುಂಬ ನಾ ಮಾತಾಡಾಕಿ, ಅವರು ಹೂಂ ಅನ್ನಾವರು. ಮಚ್ಛೆದಾಗ ಒಂದು ಚಾ ಕುಡದು, ಬೆಳಗಾವಿಯ ಬಾಯಾರು ಅಂಗಳಕ್ಕ ನೀರು ಹೊಡಿಯೂದ್ರಾಗ ಮುಟ್ಟತಿದ್ವಿ. ಈಗ ಗಾಡಿನೂ ಇಲ್ಲ, ಅವರೂ ಇಲ್ಲ. ಗಾಡಿ ಮೊದಲು ಹೋತು, ಅವರು ಆಮ್ಯಾಲ. ಈಗ ನಾ ಬಸ್ಸಿನಾಗ ಹೋಗತೇನಿ. ಬಸ್ಸಿನಾಗ ಹೂಂ ಅನ್ನಾವರು ಯಾರೂ ಸಿಗೂದಿಲ್ಲ.

ಇರಲಿ. ಕೆಟ್ಟ ದಿನದ ಕತಿ ಹೇಳತೇನಿ.

ಬ್ಯಾಸಗಿ ಚಾಲೂ ಆಗಿತ್ತು. ಗಡಿಗಿ ಮಾರಿ ವಾಪಸ್ ಹೊಂಟಾಗ ಟಿಳಕವಾಡಿಯ ರೇಲ್ವೆ ಗೇಟಿನಾಗ ನಿಂತಿದ್ವಿ. ರೇಲು ಹೋತು, ಗೇಟು ಎದ್ದಿತು, ನಮ್ಮ ಗಾಡಿ ಏಳಲಿಲ್ಲ. ಗುಂಯ್ ಅಂತ ನರಳಿತು, ಗಬ್ಬದ ಎಮ್ಮಿಯಂಗ ಒಂದೊಂದ ಹೆಜ್ಜಿ ಇಟ್ಟಿತು. ಸ್ಟೇರಿಂಗಿನ ಹಿಂದ ಒಂದು ಹಳದಿ ದೀಪ ಮಿಣುಕಾಕ ಹತ್ತಿತು. ಅವರು ಸಪ್ಪಳಾ ಕೇಳಿ, ಮೂರನೇ ಗೇರಿನಾಗ ಕಚ್ಚಿ ಕುಂತೈತಿ ಅಂದ್ರು. ಹಿಂದ ಬೆಳಗಾವಿಗೆ ಬೆಳಗಾವಿನ ಹಾರ್ನ್ ಹೊಡಿಯಾಕ ಹತ್ತಿತ್ತು. ಒಬ್ಬ ಸ್ಕೂಟರಿನಾಂವ ಬಂದು ಅಜ್ಜಿ ಇಳದು ನೂಕಬಾರದೇನ ಅಂದ. ಅಜ್ಜಿ ಇಳದಳು. ಇಳದು ಅವನಿಗೆ ಎರಡು ಮಾತು ಹೇಳಿ ಮತ್ತ ಹತ್ತಿದಳು. ಅಷ್ಟರಾಗ ಗೇಟು ಮತ್ತ ಬಿತ್ತು.

ಮೂರನೇ ಗೇರಿನಾಗ ನಿಂತ ಗಾಡಿ ಎಬ್ಬಿಸೂದು ತ್ರಾಸು, ಎದ್ದ ಗಾಡಿ ಹೋಗತೈತಿ. ಹಿಂಗಾಗಿ ಮನಿತನಕ ಎಲ್ಲೂ ನಿಲ್ಲಸಬಾರದು ಅಂತ ಠರಾವು ಪಾಸ್ ಮಾಡಿದ್ವಿ. ಪೀರನವಾಡಿಯ ಸ್ಟಾಪಿನಾಗ ನಮ್ಮ ಬಾಜೂಮನಿ ವತ್ಸಲಾಬಾಯಿ ಎರಡು ಚೀಲಾ ಹಿಡಕೊಂಡು ಬಿಸಲಾಗ ನಿಂತಿದ್ಲು. ನಮ್ಮ ಗಾಡಿ ನೋಡಿ ಖುಷಿಯಾಗಿ ಕೈ ಮಾಡಿದ್ಲು. ನಾನೂ ಕೈ ಮಾಡಿದೆ. ಗಾಡಿ ಹೋತು.

ಸಂಜಿಮುಂದ ಆಕಿ ನಮ್ಮ ಕಟ್ಟಿಗೆ ಬಂದು ನಿಂತ್ಲು. ಆಕಿ ಮನಿ ಮಾತು ಮರಾಠಿ, ಆದ್ರ ಬೈಯೂದು ಕನ್ನಡದಾಗ, ನಮಗ ಪೂರ್ತಿ ತಿಳೀಲಿ ಅಂತ. "ಅಗಬಾಯಿ, ರಾಣಿ ಸರಕಾರ ಏನ ಛಂದ ಕೈ ಮಾಡ್ಕೋತ ಹೋದ್ರಿ! ನಾ ಏನ ನಿಮಗ ಓಟ ಹಾಕಾಕ ನಿಂತಿದ್ನ್ಯಾ?" ಅಂದ್ಲು. ಗೇರು ಕೆಟ್ಟೈತಿ ಅಂದೆ. ನನ್ನ ಮಾತು ನಂಬಲಿಲ್ಲ. ಗೇರು ಕೆಟ್ಟ ಗಾಡಿ ನಿಲ್ಲತೈತಿ, ಓಡೂದಿಲ್ಲ ಅಂತ ಆಕಿ ವಾದ.

ಮರುದಿನ ತಪಾಸಣಿ ನನ್ನ ಕೈಯಾಗ ತಗೊಂಡೆ. ಗಾಡಿಯ ಮೂತಿ ಮ್ಯಾಲಿನ ಮುಚ್ಚಳಾ ತಗದು ನೋಡಿದ್ರ ಬ್ಯಾಟರಿಯ ಎರಡೂ ಕೊಂಬಿನ ಮ್ಯಾಲ ಹಸರಗ ಬೆಳ್ಳಗ ಕಿಲುಬು! ಸಿಕ್ಕಿತು ಅಂದೆ. ಕಿಲುಬಿನ ವಿಷಯದಾಗ ನನಗ ಯಾವ ಮಿಸ್ತ್ರಿನೂ ಪಾಠ ಹೇಳೂ ಕಾರಣ ಇಲ್ಲ. ಹುಣಸಿಹಣ್ಣು ಉಪ್ಪು ಹಾಕಿ ದೇವರ ಸಾಮಾನು ತಿಕ್ಕಿದಂಗ ತಿಕ್ಕಿದೆ. ಬಂಗಾರದಂಗ ಹೊಳದ್ವು. ಖುಷಿಲೆ ವಿಭೂತಿನೂ ಹಚ್ಚಿದೆ. ಚಾವಿ ತಿರುವಿದ್ರ ಗಾಡಿ ಕೆಮ್ಮಲೂ ಇಲ್ಲ. ಮೊದಲು ಮೂರನೇ ಗೇರರ ಇತ್ತು. ನನ್ನ ಉಪಚಾರ ಆದಮ್ಯಾಲ ಒಂದೂ ಇಲ್ಲ.

ಅವರು ಕಾಲು ಎಳಕೋತ ಬಂದು, ಕೊಂಬಿಗೂ ಪಟ್ಟಿಗೂ ನಡುವ ಸಿಕ್ಕ ಹುಣಸಿ ನಾರು ಒಂದೊಂದ ತಗದು, ವಿಭೂತಿ ಒರಸಿ, ಬೋಲ್ಟು ಬಿಗಿ ಮಾಡಿದ್ರು. ಗಾಡಿ ಚಾಲೂ ಆತು. ದೀಪನೂ ಮಿಣುಕಾಕ ಚಾಲೂ ಮಾಡಿತು.

ಕಡೀಕ ಅಜಿತ ಮಿಸ್ತ್ರಿಗೆ ಫೋನ್ ಹಚ್ಚಿದ್ವಿ. ಉದ್ಯಮಬಾಗದಾಗ ಗಾಡಿಯ ವೈರಿನ ಕೆಲಸ ಮಾಡಾಂವ. ನಮ್ಮ ಪಿಕಪ್ ಫೌಂಡ್ರ್ಯಾಗ ಇದ್ದಾಗಿನಿಂದ ಅದರ ನಾಡಿ ಬಲ್ಲಾಂವ ಅವನೊಬ್ಬನ. ಜೈನರ ಹುಡುಗ, ಸುಳ್ಳಿಲ್ಲ, ಸಿಟ್ಟಿಲ್ಲ, ಮಾತು ಮೆತ್ತಗ. ಅವ ಹೇಳಿದ್ದು ಇಷ್ಟು: ಗೇರಿನ ಪೆಟ್ಟಿಗ್ಯಾಗ ಕರೆಂಟಿನಿಂದ ತಗಿಯೂ ಮುಚ್ಚೂ ಸಣ್ಣ ವಾಲ್ವ್ ಅದಾವು. ಅವಕ್ಕ ಹುಕುಂ ಕೊಡೂ ಕಂಪ್ಯೂಟರ್ ಡಬ್ಬಿ ಬ್ಯಾರೇ ಐತಿ. ಎಲ್ಲೆರ ಕರೆಂಟು ತಪ್ಪಿತಂದ್ರ ಡಬ್ಬಿ ಅಂಜಿ ಮೂರನೇ ಗೇರು ಹಿಡದು ಕುಂದರತೈತಿ, ಅತ್ತಿಗೆ ಅಂಜಿ ಮೂಲಿ ಹಿಡದ ಹೊಸಾ ಸೊಸಿಯಂಗ. ಆದ್ರ ಏನು ತಪ್ಪೈತಿ ಅಂತ ದೀಪದ ಕೂಡ ಹೇಳಿ ಕಳಸತೈತಿ. ದೀಪ ಎಷ್ಟು ಸಲ ಮಿಣುಕತೈತಿ ಎಣಿಸಬೇಕು. ಯಾವ ಎಣಿಕಿಗೆ ಯಾವ ರೋಗ ಅಂತ ಅವ ಒಂದು ವಹಿಯೊಳಗ ಬರಕೊಂಡಿದ್ದ.

ಸ್ಟೇರಿಂಗಿನ ಕೆಳಗ ಒಂದು ಪ್ಲಗ್ ಐತಿ, ಅದರಾಗಿನ ಇಂಥಿಂಥಾ ಎರಡು ತೂತು ಒಂದು ವೈರಿನ ತುಂಡಿಲೆ ಕೂಡಿಸಿ ಹಿಡೀರಿ, ಚಾವಿ ತಿರುವಿ ದೀಪ ಎಣಿಸ್ರಿ ಅಂದ. ವೈರು ಎಲ್ಲಿ ಹುಡಕೂದು, ನನ್ನ ಬಳಿಯಾಗಿನ ಪಿನ್ನು ತಗದೆ. ಅವರು ಡ್ರೈವರ್ ಸೀಟಿನಾಗ ಕುಂತು ಚಾವಿ ತಿರುವಿದ್ರು. ನಾ ಬಾಗಲದಾಗ ಬಗ್ಗಿ ನಿಂತು, ಪಿನ್ನು ಹಿಡದು, ದೀಪಕ್ಕ ಕಣ್ಣು ಹಚ್ಚಿದೆ. ಅವರು ಏನೋ ಅನ್ನಾಕ ಬಂದ್ರು. ನೀವು ಸುಮ್ನ ಇರ್ರಿ, ಎಣಿಸೂದು ನನ್ನ ಕಸಬು, ನಲವತ್ತು ವರ್ಷ ಗಡಿಗಿ ಎಣಿಸಿದಾಕಿ ನಾ ಅಂದೆ.

ಎಣಿಸಿದೆ. ಐದು. ದೀಪ ಸ್ವಲ್ಪ ತಡದು ಮತ್ತ ಮಿಣುಕಿತು. ಮತ್ತ ಎಣಿಸಿದೆ. ಐದು.

ಫೋನಿನಾಗ ಮಿಸ್ತ್ರಿ ವಹಿಯ ಹಾಳಿ ತಿರುವೂ ಸಪ್ಪಳಾ ಬಂತು. ಆಮ್ಯಾಲ, "ಅವ್ವಾರ, ಇನ್ನೊಮ್ಮೆ ನೋಡ್ರಿ, ಖರೇ ಐದನ?" ಅಂತ ಕೇಳಿದ.

ನನ್ನ ಮಾತಿನ ಮ್ಯಾಲ ಇನ್ನೊಮ್ಮೆ ಅಂದ್ರ ನನಗ ಆಗೂದಿಲ್ಲ. ಆದ್ರೂ ದೊಡ್ಡ ಮನಸ್ಸು ಮಾಡಿ ಮೂರನೇ ಸಲ ಎಣಿಸಿ, ಐದು ಅಂದ್ರ ಐದು, ನೀ ಹುಟ್ಟೂಕಿಂತ ಮೊದಲ ನನಗ ಐದು ಬರತಿತ್ತು ಅಂದೆ. ಪಾಪ, ಅವ ಹೂಂನ್ರಿ ಅಂದ. ಐದು ಅಂದ್ರ ವೈರು ಅಲ್ಲ, ವಾಲ್ವ್ ಅಲ್ಲ, ಕಂಪ್ಯೂಟರ್ ಡಬ್ಬಿನ ಹೋಗೈತಿ. ಈ ಗಾಡಿಗೆ ಆ ಡಬ್ಬಿ ಈಗ ಎಲ್ಲೂ ಸಿಗೂದಿಲ್ಲ. ಹೆಂಗ ಹೇಳಬೇಕು ಅಂತ ತಿಳೀದ, ಮೋಡಕಾದಾಗ, ಹಳೇ ಕಬ್ಬಿಣದ ತೂಕಕ್ಕ ಕೊಡೂದ ಹಾದಿ ರೀ ಅಂತ ಮೆತ್ತಗ ಹೇಳಿ ಫೋನ್ ಇಟ್ಟ.

ಅವರು ಚಾವಿ ತಗದ್ರು. ಇಳದು ಒಳಗ ಹೋಗಿ ಹೊರಸಿನ ಮ್ಯಾಲ ಕುಂತರು. ಎಡಗಾಲು ಚಾಚಿ ಇಟ್ಟರು.

ಒಂದು ವಾರ ಹಂಗ ಕುಂತರು. ನಾ ಗಡಿಗಿ ಬಸ್ಸಿನಾಗ ಒಯ್ದೆ. ಬಸ್ಸಿನಾಗ ಒಯ್ದ ಗಡಿಗಿ ಅರ್ಧ ಮುಟ್ಟತಾವು, ಅರ್ಧ ಕಂಡಕ್ಟರನ ಕೂಡ ಜಗಳಾಡೂದ್ರಾಗ ಹೋಗತಾವು. ಮನಿಗೆ ಬಂದ್ರ ಪಡಸಾಲ್ಯಾಗ ಅವರು ರಸ್ತಾದ ಕಡೆ ಕಿವಿ ಕೊಟ್ಟು, ಈಗ ಎರಡು, ಈಗ ಮೂರು ಅಂತಿದ್ರು. ಎರಡನೇ ಸಲ ಕುಂತ ಗಂಡಸು ಮತ್ತ ಏಳೂದಿಲ್ಲ ಅಂತ ನನಗ ಗೊತ್ತಾಗಿತ್ತು. ಗೊತ್ತಾಗಿ ಏನು ಮಾಡೂದು? ಡಬ್ಬಿ ಹೋಗೈತಿ. ಅಂಗಳದಾಗ ಗಾಡಿ ನಿಂತಷ್ಟು ದಿನ ಅವರಿಗೆ ಸಂಕಟ ಅಂತ, ಮೋಡಕಾದಾಂವಗ ಸೋಮವಾರ ಬಂದು ಒಯ್ಯಿ ಅಂತ ನಾನ ಹೇಳಿ ಬಂದೆ.

ಐತವಾರ ಮಧ್ಯಾಹ್ನ ಅಜಿತ ಮಿಸ್ತ್ರಿ ಬಂದ. ಗಾಡಿಗೆ ಅಲ್ಲ. ಬ್ಯಾಸಗ್ಯಾಗ ಹಕ್ಕಿಗೆ ನೀರು ಇಡಾಕ ಅವರ ಓಣಿಯವರಿಗೆ ಹತ್ತು ಮಣ್ಣಿನ ಪರಿಯಾಣ ಬೇಕಾಗಿದ್ವು. ಗಾಡಿ ಉಳಸಾಕ ಆಗಲಿಲ್ಲ ಅಂತ ಅವನಿಗೂ ಮುಖಾ ತೋರಸಾಕ ನಾಚಿಕಿ. ನಾ ಪರಿಯಾಣ ಬಾರಿಸಿ ನೋಡಿ ಎಣಿಸಿ ಇಡಾಕ ಹತ್ತಿದೆ. ಒಂದಕ್ಕ ಲಾಭ, ಆಮ್ಯಾಲ ಎರಡು, ಮೂರು, ನಾಕು, ಐದು. ಅದರ ಮ್ಯಾಲೊಂದು ಬಾಯಿಲೆ ಅನ್ನದ ಇಟ್ಟೆ. ಅದರ ಮುಂದಿನದಕ್ಕ ಆರು ಅಂದೆ.

"ನಡುವ ಒಂದು ಬಿಟ್ರೆಲಾ ಅವ್ವಾರ," ಅಂದ ಮಿಸ್ತ್ರಿ.

ಬಿಟ್ಟಿಲ್ಲಪ್ಪ, ಅದು ಕೊಸರು ಅಂದೆ. ಮಣ್ಣಿನ ಸಾಮಾನು, ಹಾದ್ಯಾಗ ಒಂದು ಸೀಳಬಹುದು. ಅದಕ್ಕ ಐದು ಕೊಟ್ಟಮ್ಯಾಲ ಮ್ಯಾಲೊಂದು ಸುಮ್ನ ಇಡೂದು. ಅದನ್ನ ಎಣಿಸಬಾರದು, ಬಾಯಿಲೆ ಅನ್ನಬಾರದು. ಅಂದ್ರ ಬರಕತ್ತು ಹೋಗತೈತಿ ಅಂತ ನಮ್ಮತ್ತಿ ಹಾಕಿಕೊಟ್ಟ ಪದ್ಧತಿ. ನಲವತ್ತು ವರ್ಷ ಆತು, ಐದು ಅಂದಮ್ಯಾಲ ನನ್ನ ಬಾಯಿ ತಾನ ಮುಚ್ಚತೈತಿ. ದಿನದಾಗ ಅದು ಮುಚ್ಚೂದು ಅಷ್ಟ ಹೊತ್ತು ಅಂತ ನಕ್ಕೆ.

ಮಿಸ್ತ್ರಿ ಕೈಯಾಗಿನ ಪರಿಯಾಣ ಕೆಳಗ ಇಟ್ಟ.

"ಅವ್ವಾರ, ಅವತ್ತ ದೀಪ ಎಣಿಸಿದ್ದೂ ಹಿಂಗನ?"

ನನಗ ಮೊದಲು ತಿಳೀಲಿಲ್ಲ. ತಿಳದಮ್ಯಾಲ ಅಲ್ಲೆ ಹುಲ್ಲಿನ ಪೆಂಡಿ ಮ್ಯಾಲ ಕುಂತೆ. ಗಾಡಿಯ ದೀಪ ನನಗೇನು ಕೊಸರು ಕೊಡಾಕ ಬಂದಿತ್ತೇನ? ಆದ್ರೂ ನನ್ನ ಬಾಯಿ ಆರನೇದ್ದು ಉಳಿಸಿ, ಬರಕತ್ತು ಕಾದಿತ್ತು. ಒಂದು ಸಲ ಅಲ್ಲ, ಮೂರು ಸಲ.

ಮಿಸ್ತ್ರಿ ಹೋಗಿ ತಾನ ಎಣಿಸಿ ಬಂದ. ಆರು. ಡಬ್ಬಿಗೆ ಏನೂ ಆಗಿಲ್ಲ, ವಾಲ್ವಿನ ವೈರು ಎಲ್ಲೋ ಕಡದೈತಿ ಅಂದ. ಒಳಗ ಕುಂತ ನಮ್ಮವರಿಗೆ ಹೇಳಬ್ಯಾಡೋ ನನ್ನಪ್ಪ ಅಂತ ಕೈ ಹಿಡದೆ. ಸುಳ್ಳು ಹೇಳೂದಿಲ್ಲ ಅವ್ವಾರ, ಆದ್ರ ಅವರು ಕೇಳದಿದ್ರ ನಾ ತಾನಾಗಿ ಹೇಳೂದಿಲ್ಲ ಅಂದ. ಅವರು ಯಾರಿಗೂ ಏನೂ ಕೇಳೂ ಮನಷ್ಯಾ ಅಲ್ಲ ಅಂತ ನಾ ಧೈರ್ಯ ತಗೊಂಡೆ.

ಮಿಸ್ತ್ರಿ ಗಾಡಿ ಕೆಳಗ ಹೊಕ್ಕ. ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ್ದನ್ನ ಅಲ್ಲಿ ಇಲ್ಲಿ ಹಚ್ಚಿ ನೋಡಿದ. ಸ್ವಲ್ಪ ಹೊತ್ತಿಗೆ ಕೆಳಗಿಂದ, "ಅವ್ವಾರ, ನಿಮ್ಮ ಹುಲ್ಲು ಇಲ್ಲಿ ಯಾಕ ಬಂತು?" ಅಂತ ದನಿ ಬಂತು. ನಾ ಗಡಿಗಿಗೆ ತುರುಕಿದ ಭತ್ತದ ಹುಲ್ಲು ಒಂದು ಇಲಿ ಹೊತ್ತು ಹೊತ್ತು ಒಯ್ದು, ಗೇರಿನ ಪೆಟ್ಟಿಗಿ ಮ್ಯಾಲ ಬೆಚ್ಚಗ ಬಾಣಂತನದ ಮನಿ ಕಟ್ಟಿತ್ತು. ಐದು ಮರಿ. ಆರೂ ಇದ್ದಿರಬಹುದು, ನನ್ನ ಎಣಿಕಿ ನಂಬಬ್ಯಾಡ್ರಿ. ಬಾಣಂತಿಗೆ ತಿನ್ನಾಕ ಬೇಕಲ್ಲ, ಬಾಜೂಕ ಇದ್ದ ವೈರು ತಿಂದಿತ್ತು. ಅಂದ್ರ ರೋಗ ಹುಟ್ಟಿಸಿದ್ದೂ ನಾನ, ರೋಗದ ಹೆಸರು ತಪ್ಪು ಹೇಳಿದ್ದೂ ನಾನ, ಗಾಡಿಗೆ ಹೆಣದ ಕಟ್ಟಿಗಿ ಒಟ್ಟಿದ್ದೂ ನಾನ.

ಝಾಡಿಸಿ ಒಗಿ ಅಂದೆ. ಮಿಸ್ತ್ರಿ ಒಲ್ಲೆ ಅಂದ. ಕಣ್ಣು ಬಿಡದ ಜೀವ, ಅವಕ್ಕ ಜಾಗಾ ಆಗೂತನಕ ವೈರಿಗೆ ಕೈ ಹಚ್ಚೂದಿಲ್ಲ ಅಂದ. ಹಕ್ಕಿಗೆ ಅಂತ ಆರಿಸಿಟ್ಟ ಹೊಸಾ ಪರಿಯಾಣದಾಗ ಅದ ಹುಲ್ಲು ಹಾಸಿ, ಮರಿ ಒಂದೊಂದ ಎತ್ತಿ ಇಟ್ಟು, ಹಿತ್ತಲದ ಕಟಗಿ ಸಂದ್ಯಾಗ ಒಯ್ದು ಇಟ್ಟ. ನಮ್ಮವರು ಕಾಲು ಎಳಕೋತ ಬಂದು ನೋಡಿದ್ರು. ವತ್ಸಲಾಬಾಯಿನೂ ಗ್ವಾಡಿ ಮ್ಯಾಲಿಂದ ನೋಡಿದ್ಲು. ಪೀರನವಾಡಿಯಾಗ ತನ್ನ ಬಿಟ್ಟು ಬಂದ ಗಾಡಿ ಇಲಿಯ ಇಡೀ ಕುಟುಂಬಕ್ಕ ಆರಾಮ ಜಾಗಾ ಕೊಟ್ಟಿತ್ತು ಅಂತ ಖಾನಾಪುರ ತುಂಬ ಹೇಳಿ ಬಂದ್ಲು.

ಮಿಸ್ತ್ರಿಗೆ ಇನ್ನೊಂದು ಅವಸರ. ಹೊತ್ತು ಮುಳಗೂದ್ರಾಗ ಅವ ಉಣಬೇಕು, ಮುಳಗಿದಮ್ಯಾಲ ನೀರು ಕಾಳು ಏನೂ ಮುಟ್ಟೂದಿಲ್ಲ. ನಾ ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದ ಹೆಸರಬ್ಯಾಳಿ ಮಾಡಾಕ ಇಟ್ಟೆ. ಅವ ವೈರು ಕೂಡಿಸಿ, ಬೆಸುಗಿ ಹಾಕಿ, ಟೇಪು ಸುತ್ತಿ, ಬ್ಯಾಟರಿಯ ಪಟ್ಟಿ ಒಂದೀಟು ಹೊತ್ತು ತಗದು ಮತ್ತ ಹಾಕಿದ. ನಮ್ಮವರು ಸೀಟಿಗೆ ಹತ್ತಿದ್ರು. ಚಾವಿ ತಿರುವಿದ್ರು. ಹಳದಿ ದೀಪ ಒಮ್ಮೆ ಹತ್ತಿತು, ಆರಿತು, ಮತ್ತ ಹತ್ತಲಿಲ್ಲ. ಅವರು ಅಂಗಳದಿಂದ ರಸ್ತಾಕ್ಕ ತಗದ್ರು. ನಾನೂ ಮಿಸ್ತ್ರಿನೂ ಕಟ್ಟಿ ಮ್ಯಾಲ ನಿಂತು ಕಿವಿ ಕೊಟ್ವಿ. ಒಂದು. ಎರಡು. ಮೂರು. ದೂರದಾಗ ನಾಕು. ಬ್ಯಾಳಿ ಹೊತ್ತಿದ ವಾಸನಿ ಬಂದಾಗ ನನಗ ನಾ ಎಲ್ಲಿ ನಿಂತೇನಿ ಅಂತ ಗೊತ್ತಾತು. ಹೊತ್ತಿದ ಬ್ಯಾಳಿನ ಉಂಡು, ಚಲೋ ಆಗೈತ್ರಿ ಅವ್ವಾರ ಅಂದ ಮಿಸ್ತ್ರಿ. ಸುಳ್ಳು ಹೇಳೂದಿಲ್ಲ ಅಂದಾಂವ ಅವತ್ತ ಒಂದು ಹೇಳಿದ.

ಅವ ಹೋದಮ್ಯಾಲ ಮೋಡಕಾದಾಂವಗ ಬರಬ್ಯಾಡ ಅಂತ ಫೋನ್ ಹಚ್ಚಿದೆ. ಅವ ಯಾಕ ಅಂತ ಕೇಳಿದ. ಇಲಿ ಅಂದೆ, ಇಟ್ಟೆ. ತಾಟು ಹಾಕಿ ಇವರನ್ನ ಊಟಕ್ಕ ಕರದೆ. ಅವರು ನಗತಿದ್ರು. ಇಲಿ ಸುದ್ದಿ ಹೇಳಿ ಹೇಳಿ ನಗತಿದ್ರು. ಎಲ್ಲಾ ತಪ್ಪು ಇಲಿಯ ಮ್ಯಾಲ ಹೋಗಿತ್ತು. ನಾ ಬಾಯಿ ಮುಚ್ಚಿ ಕುಂತಿದ್ರ ಅಲ್ಲಿಗೆ ಮುಗೀತಿತ್ತು. ಆದ್ರ ಆ ವಾರದಾಗ ಅವರು ಕುಂತ ಹೊರಸು ಎದುರಿಗೇ ಇತ್ತು. ತಾಟು ಬಾಜೂಕ ಸರಿಸಿದೆ.

"ಅವತ್ತ ನಾ ಐದ ಅಂದೆನೆಲಾ," ಅಂದೆ. "ಅದು ಆರ ಇತ್ತು."

"ಗೊತ್ತು," ಅಂದ್ರು. ರೊಟ್ಟಿ ಮುರಕೊಂಡ್ರು.

"ಮಿಸ್ತ್ರಿ ಹೇಳಿದನೇನ?"

"ಅವ ಯಾಕ ಹೇಳ್ಯಾನ. ದೀಪ ನನ್ನ ಮೂಗಿನ ಮುಂದ ಇತ್ತು. ನಾನೂ ಎಣಿಸಿದ್ದೆ."

ನನಗ ಸಿಟ್ಟು ಬಂತೋ ಅಳು ಬಂತೋ ಇವತ್ತಿಗೂ ಹೇಳಾಕ ಆಗೂದಿಲ್ಲ. ಗಾಡಿ ಮೋಡಕಾಕ್ಕ ಹೋಗೂದಿತ್ತು, ಜಲ್ಮ ಪೂರ್ತಿ ಹೊರಸಿನ ಮ್ಯಾಲ ಕುಂದರೂದಿತ್ತು, ಆರು ಅಂತ ಒಂದು ಮಾತು ಅನ್ನಾಕ ನಿಮಗ ಏನಾಗಿತ್ತು ಅಂತ ಕೇಳಿದೆ.

ಅವರು ನೀರು ಕುಡದು ತಂಬಿಗಿ ಕೆಳಗ ಇಟ್ಟರು. "ಮಿಸ್ತ್ರಿ ಒಂದ ಸಲ ಇನ್ನೊಮ್ಮೆ ನೋಡ್ರಿ ಅಂದಿದ್ದಕ್ಕ ಅವನ ಹುಟ್ಟು ತಗದಿ. ಅವ ಉದ್ಯಮಬಾಗದಾಗ ಇದ್ದ, ಬದಕಿದ. ನಾ ಇಲ್ಲೆ ಇದ್ದೆ. ಗಾಡಿ ಹೋದ್ರ ಹೊರಸರ ಉಳೀತೈತಿ ಅಂತ ಸುಮ್ನ ಕುಂತೆ," ಅಂದ್ರು.

ಮರುದಿನ ಮುಂಜಾನೆ ಗಡಿಗಿ ಹೇರಿಕೊಂಡು ಟಿಳಕವಾಡಿಗೆ ಹೊಂಟ್ವಿ. ಖಾನಾಪುರ ದಾಟಿದಮ್ಯಾಲ, ಲಗ್ನ ಆದಾಗಿನಿಂದ ಹಿಂಗ ಇನ್ನ ಎಷ್ಟು ಸಲ ಗೊತ್ತಿದ್ದೂ ಸುಮ್ನ ಕುಂತೀರಿ, ಎಲ್ಲಾ ಹೇಳಿಬಿಡ್ರಿ ಅಂದೆ. ಅವರು ಹಾದಿ ನೋಡಕೋತ ಅಕ್ಷತಿ ಬಿದ್ದ ದಿನದಿಂದ ಚಾಲೂ ಮಾಡಿದ್ರು. ನಾ ಹೂಂ ಅಂದೆ. ಮತ್ತೊಂದು ಹೇಳಿದ್ರು. ಹೂಂ ಅಂದೆ. ದೇಸೂರು ದಾಟಿದಾಗ ಅವರು ಹೇಳೂ ನನ್ನ ತಪ್ಪಿನ ಪಟ್ಟ್ಯಾಗ ನಮ್ಮ ದೊಡ್ಡ ಮಗಳು ಇನ್ನೂ ಹುಟ್ಟಿರಲಿಲ್ಲ. ಬೆಳಗಾವಿ ಹತ್ರ ಬರಾಕ ಹತ್ತಿತ್ತು.

ಸಾವಕಾಶ ಹೊಡೀರಿ ಅಂದೆ.